ಮಹಿಳಾ ಫುಟ್‌ಬಾಲ್‌ನಲ್ಲಿ ಡಿಫೆಂಡರ್

ಎದುರಾಳಿ ತಂಡ ಗೋಲು ಹೊಡೆಯದಂತೆ ತಡೆಯುವುದನ್ನೇ ಮೊದಲ ಹೊಣೆಯಾಗಿ ಹೊತ್ತು, ಗೋಲ್‌ಕೀಪರ್‌ಗೂ ಮಿಡ್‌ಫೀಲ್ಡರ್‌ಗಳಿಗೂ ನಡುವಿನ ಸಾಲಿನಲ್ಲಿ ಆಡುವ ಆಟಗಾರ್ತಿಯನ್ನು ಡಿಫೆಂಡರ್ ಎನ್ನುತ್ತಾರೆ. ಕ್ಲಬ್ಬಿನೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಸಂಭಾವನೆ ಪಡೆದು, ನಿಗದಿತ ಋತುವಿನಲ್ಲಿ ಲೀಗ್ ಪಂದ್ಯಗಳನ್ನು ಆಡುವವಳು ವೃತ್ತಿಪರ ಡಿಫೆಂಡರ್. ಭಾರತದಲ್ಲಿ ಈ ಅರ್ಥದ ವೃತ್ತಿ ಹೊಸದು. ರಾಷ್ಟ್ರಮಟ್ಟದ ಇಂಡಿಯನ್ ವಿಮೆನ್ಸ್ ಲೀಗ್‌ನ ಮೊದಲ ಆವೃತ್ತಿ ನಡೆದದ್ದು 2016–17ರಲ್ಲಿ. ಕರ್ನಾಟಕದಲ್ಲಿ ಈ ವೃತ್ತಿಯ ನೆಲೆ ಬೆಂಗಳೂರು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳ ಹುಡುಗಿಯರಿಗೆ ಅದರ ಮೊದಲ ಮೆಟ್ಟಿಲು ಶಾಲಾ ಕ್ರೀಡಾಕೂಟ.

ಪರಿಭಾಷೆ

ಕನ್ನಡ ಪತ್ರಿಕೆಗಳು ‘ರಕ್ಷಣಾ ಆಟಗಾರ್ತಿ’ ಎಂದು ಬರೆಯುತ್ತವೆ. ಮೈದಾನದಲ್ಲಿ ‘ಡಿಫೆಂಡರ್’ ಅಥವಾ ಬರೀ ‘ಬ್ಯಾಕ್’ ಎಂದರೆ ಸಾಕು. ಈ ಲೇಖನದಲ್ಲಿ ಆಟಗಾರ್ತಿಯನ್ನು ಡಿಫೆಂಡರ್ ಎಂದೂ, ಅಂಥ ಮೂವರು, ನಾಲ್ವರು ಅಥವಾ ಐವರು ಸೇರಿ ನಿಲ್ಲುವ ವ್ಯೂಹವನ್ನು ರಕ್ಷಣಾ ಸಾಲು ಎಂದೂ ಕರೆಯಲಾಗಿದೆ. ಕಾಲಿನಿಂದ ಚೆಂಡನ್ನು ಕಸಿಯುವುದು ಟ್ಯಾಕಲ್. ಪಾಸ್ ಹೋಗುವ ದಾರಿಯಲ್ಲಿ ಅಡ್ಡ ನಿಂತು ಚೆಂಡನ್ನು ಹಿಡಿಯುವುದು ಇಂಟರ್‌ಸೆಪ್ಷನ್. ಅಪಾಯದ ಜಾಗದಿಂದ ಚೆಂಡನ್ನು ದೂರ ಒದೆಯುವುದು ಕ್ಲಿಯರೆನ್ಸ್. ತಂಡ ಗೋಲು ಬಿಟ್ಟುಕೊಡದೆ ಮುಗಿಸಿದ ಪಂದ್ಯ ಕ್ಲೀನ್ ಶೀಟ್.

ಹುಟ್ಟು ಮತ್ತು ಬೆಳವಣಿಗೆ

ಡಿಫೆಂಡರ್‌ಳ ಸ್ಥಾನ ರೂಪುಗೊಂಡದ್ದು ಆಫ್‌ಸೈಡ್ ನಿಯಮದ ಜೊತೆಜೊತೆಗೇ. 1866ರ ನಿಯಮದ ಪ್ರಕಾರ ಪಾಸ್ ಪಡೆಯಲು ಮುಂದೆ ನಿಂತ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕಿತ್ತು. ಹೀಗಾಗಿ ಹಿಂದೆ ಇಬ್ಬರು ಬ್ಯಾಕ್‌ಗಳಿದ್ದರೆ ಸಾಕಾಗುತ್ತಿತ್ತು. ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್‌ಗಳ 2–3–5 ವ್ಯೂಹ ಹುಟ್ಟಿದ್ದು ಹಾಗೆ. 1925ರಲ್ಲಿ ಈ ಸಂಖ್ಯೆ ಎರಡಕ್ಕೆ ಇಳಿಯಿತು. ಗೋಲುಗಳು ಹೆಚ್ಚಿದವು. ಅದನ್ನು ತಡೆಯಲು ನಡುವಿನ ಹಾಫ್ ಆಟಗಾರ ಹಿಂದೆ ಸರಿದು ಮೂರನೆಯ ಬ್ಯಾಕ್ ಆದ. ಇಂದಿನ ಸೆಂಟರ್ ಬ್ಯಾಕ್‌ನ ಮೂಲ ಅವನೇ.

ಮಹಿಳೆಯರ ಆಟ ಇದೇ ನಿಯಮಗಳ ಮೇಲೆ ಬೆಳೆದರೂ ನಡುವೆ ಅರ್ಧ ಶತಮಾನ ಕಡಿದುಹೋಗಿತ್ತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ಲೇಡೀಸ್ ತಂಡದ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಒಂದು ವರ್ಷವೂ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1970ರ ದಶಕದ ಆರಂಭದಲ್ಲಿ. ಮೊದಲ ಮಹಿಳಾ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ನಡೆಯಿತು. ಅಲ್ಲಿ ಪಂದ್ಯದ ಅವಧಿ 90 ನಿಮಿಷವಲ್ಲ, 80. ಇಂದು ಅವಧಿ, 5ನೇ ಅಳತೆಯ ಚೆಂಡು, 7.32 ಮೀಟರ್ ಅಗಲ ಮತ್ತು 2.44 ಮೀಟರ್ ಎತ್ತರದ ಗೋಲು, 16.5 ಮೀಟರ್ ಆಳದ ಪೆನಾಲ್ಟಿ ಆವರಣ ಎಲ್ಲವೂ ಪುರುಷರಿಗೂ ಮಹಿಳೆಯರಿಗೂ ಒಂದೇ.

ಭಾರತದಲ್ಲಿ 1975ರಲ್ಲಿ ಮಹಿಳಾ ಫುಟ್‌ಬಾಲ್‌ಗೆ ಪ್ರತ್ಯೇಕ ರಾಷ್ಟ್ರೀಯ ಫೆಡರೇಷನ್ ಸ್ಥಾಪನೆಯಾಯಿತು. ಕೋಯಿಕ್ಕೋಡ್‌ನಲ್ಲಿ 1980ರ ಆರಂಭದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. 1983ರಲ್ಲಿ ಅದನ್ನೇ ಮತ್ತೊಮ್ಮೆ ಸಾಧಿಸಿತು. ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿದ್ದು ಆ ದಶಕದಲ್ಲಿ. ಆ ಪೀಳಿಗೆಯವರಿಗೆ ಸಂಬಳವಿರಲಿಲ್ಲ, ಲೀಗ್ ಇರಲಿಲ್ಲ. ಅವರ ಸಾಧನೆಯನ್ನು ಅಳೆಯುವಾಗ ಇದನ್ನು ಮರೆಯಬಾರದು. 1990ರ ದಶಕದಲ್ಲಿ ಮಹಿಳಾ ಫುಟ್‌ಬಾಲ್‌ನ ಆಡಳಿತ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕೈಗೆ ಬಂತು.

ವಿಧಗಳು

ಸೆಂಟರ್ ಬ್ಯಾಕ್ ಗೋಲಿನ ನೇರಕ್ಕೆ, ಸಾಲಿನ ನಡುವೆ ನಿಲ್ಲುತ್ತಾಳೆ. ಹಳೆಯ ಮಾತಿನಲ್ಲಿ ಇವಳೇ ಸ್ಟಾಪರ್. ನಾಲ್ವರ ಸಾಲಿನಲ್ಲಿ ಇಬ್ಬರು ಸೆಂಟರ್ ಬ್ಯಾಕ್‌ಗಳಿರುತ್ತಾರೆ. ಒಬ್ಬಳು ಎದುರಾಳಿ ಸ್ಟ್ರೈಕರ್‌ಳ ಮೇಲೆ ಮುನ್ನುಗ್ಗಿದರೆ ಇನ್ನೊಬ್ಬಳು ಎರಡು ಹೆಜ್ಜೆ ಹಿಂದುಳಿದು ಅವಳ ಬೆನ್ನು ಕಾಯುತ್ತಾಳೆ. ಎತ್ತರದ ಚೆಂಡಿಗೆ ತಲೆ ಕೊಡುವುದು, ಸಾಲನ್ನು ಕೂಗಿ ನಡೆಸುವುದು, ಗೋಲ್‌ಕೀಪರ್‌ಳೊಡನೆ ನಿರಂತರ ಮಾತಿನಲ್ಲಿರುವುದು ಇವಳ ಕೆಲಸ. ಹಲವು ರಾಷ್ಟ್ರೀಯ ತಂಡಗಳನ್ನು ಸೆಂಟರ್ ಬ್ಯಾಕ್‌ಗಳು ಮುನ್ನಡೆಸಿರುವುದು ಆಕಸ್ಮಿಕವಲ್ಲ. ಫ್ರಾನ್ಸಿನ ವೆಂಡಿ ರೆನಾರ್, ಇಂಗ್ಲೆಂಡಿನ ಲಿಯಾ ವಿಲಿಯಮ್ಸನ್, ಭಾರತದ ಆಶಾಲತಾ ದೇವಿ ಇದಕ್ಕೆ ಉದಾಹರಣೆ. ಇಡೀ ಮೈದಾನ ಮುಖದೆದುರು ಕಾಣುವ ಜಾಗ ಅದು.

ಫುಲ್ ಬ್ಯಾಕ್ ಸಾಲಿನ ಎರಡು ತುದಿಗಳಲ್ಲಿ ಆಡುವವಳು. ರೈಟ್ ಬ್ಯಾಕ್, ಲೆಫ್ಟ್ ಬ್ಯಾಕ್ ಎಂದು ಎರಡು ಬಗೆ. ಎದುರಾಳಿ ವಿಂಗರ್‌ಳನ್ನು ತಡೆಯುವುದರ ಜೊತೆಗೆ ಅಂಚಿನ ಗೆರೆಯ ಉದ್ದಕ್ಕೂ ಓಡಿ ಮುಂದಿನವರಿಗೆ ಚೆಂಡು ಒದಗಿಸುವುದೂ ಈಗ ಇವಳ ಕೆಲಸಕ್ಕೆ ಸೇರಿದೆ. 2023ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಇಂಗ್ಲೆಂಡನ್ನು 1–0ಯಿಂದ ಸೋಲಿಸಿತು. ಆ ಒಂದು ಗೋಲು ಹೊಡೆದದ್ದು ಲೆಫ್ಟ್ ಬ್ಯಾಕ್ ಓಲ್ಗಾ ಕಾರ್ಮೋನಾ. ರೈಟ್ ಬ್ಯಾಕ್ ಲೂಸಿ ಬ್ರಾಂಝ್ 2020ರಲ್ಲಿ ಫಿಫಾದ ವರ್ಷದ ಶ್ರೇಷ್ಠ ಆಟಗಾರ್ತಿಯಾದರು. ಭಾರತದ ದಲಿಮಾ ಛಿಬ್ಬರ್ 2019ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ದೂರದ ಫ್ರೀ ಕಿಕ್‌ನಿಂದ ಗೋಲು ಹೊಡೆದರು.

ಹಿಂದೆ ಮೂವರು ಸೆಂಟರ್ ಬ್ಯಾಕ್‌ಗಳನ್ನು ನಿಲ್ಲಿಸುವ 3–5–2ರಂಥ ವ್ಯೂಹದಲ್ಲಿ ಎರಡು ಅಂಚುಗಳನ್ನೂ ಉದ್ದಕ್ಕೆ ಆವರಿಸುವವರು ವಿಂಗ್ ಬ್ಯಾಕ್‌ಗಳು. ಸಾಲಿನ ಹಿಂದೆ ಒಬ್ಬಳೇ ಸ್ವತಂತ್ರವಾಗಿ ನಿಂತು ತಪ್ಪಿಬಂದ ಚೆಂಡನ್ನು ಗುಡಿಸಿಹಾಕುತ್ತಿದ್ದ ಸ್ವೀಪರ್ ಸ್ಥಾನ ಈಗ ಹೆಚ್ಚುಕಡಿಮೆ ಬಳಕೆ ತಪ್ಪಿದೆ.

ಕೆಲಸದ ರೀತಿ

ವಿಂಗರ್ ಚೆಂಡಿನೊಡನೆ ಎದುರಿಗೆ ಬಂದಾಗ ತರಬೇತಿ ಪಡೆದ ಡಿಫೆಂಡರ್ ನೇರ ಎದೆಯೊಡ್ಡಿ ನಿಲ್ಲುವುದಿಲ್ಲ. ಒಂದು ಪಾದ ಮುಂದೆ, ಇನ್ನೊಂದು ಹಿಂದೆ. ಮಂಡಿ ತುಸು ಬಾಗಿದೆ. ಭಾರವೆಲ್ಲ ಮುಂಗಾಲಿನ ಮೇಲೆ. ಮೈ ಓರೆಯಾಗಿರುವುದರಿಂದ ಎದುರಾಳಿಗೆ ಒಂದೇ ದಾರಿ ತೆರೆದಿರುತ್ತದೆ, ಅದೂ ಮೈದಾನದ ಅಂಚಿನ ಕಡೆಗೆ. ಕಣ್ಣು ಎದುರಾಳಿಯ ಮುಖದ ಮೇಲಲ್ಲ, ಭುಜದ ಮೇಲೂ ಅಲ್ಲ, ಚೆಂಡಿನ ಮೇಲೆ. ಮೈ ಹುಸಿ ತೋರಿಸಬಲ್ಲದು, ಚೆಂಡು ತೋರಿಸದು. ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಕಾಯುತ್ತಾಳೆ. ಚೆಂಡು ಎದುರಾಳಿಯ ಕಾಲಿನಿಂದ ಒಂದು ಮೊಳ ಹೆಚ್ಚು ಮುಂದೆ ಉರುಳಿತೆಂದರೆ ಆಗ ಕಾಲು ಹಾಕುತ್ತಾಳೆ. ಅದಕ್ಕೆ ಮೊದಲು ಕಾಲು ಹಾಕಿದರೆ ಫೌಲ್ ಆಗಬಹುದು, ಅದು ಪೆನಾಲ್ಟಿ ಆವರಣದೊಳಗಾದರೆ ಪೆನಾಲ್ಟಿ. ಸ್ಪಷ್ಟ ಗೋಲಿನ ಅವಕಾಶವನ್ನು ಫೌಲ್ ಮಾಡಿ ಕೆಡಿಸಿದರೆ ಕೆಂಪು ಕಾರ್ಡ್ ಬರಬಹುದು.

ಸಾಲಿನ ಸಾಮೂಹಿಕ ಕೌಶಲವೆಂದರೆ ಆಫ್‌ಸೈಡ್ ಬಲೆ. ಎದುರಾಳಿ ಮುಂದಕ್ಕೆ ಪಾಸ್ ಕೊಡಲು ಕಾಲೆತ್ತುವ ಹೊತ್ತಿಗೆ ನಾಲ್ವರೂ ಒಟ್ಟಿಗೆ ಮುಂದೆ ಹೆಜ್ಜೆಯಿಡುತ್ತಾರೆ. ಚೆಂಡು ಕಾಲಿನಿಂದ ಹೊರಟ ಕ್ಷಣದಲ್ಲಿ ಸ್ಟ್ರೈಕರ್ ಅವರ ಹಿಂದೆ ಉಳಿದಿದ್ದರೆ ಅದು ಆಫ್‌ಸೈಡ್. ಮೂವರು ಮುಂದೆ ಬಂದು ಒಬ್ಬಳು ಹಿಂದುಳಿದರೆ ಬಲೆ ಹರಿಯುತ್ತದೆ. ಒಬ್ಬಳ ಅರ್ಧ ಸೆಕೆಂಡಿನ ತಡಕ್ಕೆ ಇಡೀ ತಂಡ ಬೆಲೆ ತೆರುವ ಸ್ಥಾನ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್‌ಳನ್ನು ಬಿಟ್ಟರೆ ಇದೊಂದೇ.

ಕಾರ್ನರ್, ಫ್ರೀ ಕಿಕ್‌ಗಳ ಹೊತ್ತಿನಲ್ಲಿ ಎರಡು ಪದ್ಧತಿಗಳಿವೆ. ಒಬ್ಬೊಬ್ಬಳು ಒಬ್ಬೊಬ್ಬ ಎದುರಾಳಿಯ ಬೆನ್ನು ಹಿಡಿಯುವುದು ಒಂದು. ತಲೆಗೊಂದು ಜಾಗ ಹಂಚಿಕೊಂಡು ಅಲ್ಲಿಗೆ ಬಂದ ಚೆಂಡನ್ನು ಕಾಯುವುದು ಇನ್ನೊಂದು. ಹೆಚ್ಚಿನ ತಂಡಗಳು ಎರಡನ್ನೂ ಬೆರೆಸುತ್ತವೆ. ಗೋಲ್‌ಕೀಪರ್‌ಳಿಂದ ಚೆಂಡು ಪಡೆದು, ಒತ್ತಡದಲ್ಲೂ ತಾಳ್ಮೆಗೆಡದೆ ಪಾಸ್‌ಗಳ ಮೂಲಕ ದಾಳಿ ಕಟ್ಟುವುದೂ ಇಂದು ಡಿಫೆಂಡರ್‌ಳ ಪಾಲಿಗೆ ಬಂದಿದೆ. ಕೇವಲ ದೂರ ಒದೆಯುವವಳಿಗೆ ಉನ್ನತ ಲೀಗ್‌ಗಳಲ್ಲಿ ಜಾಗ ಕಡಿಮೆ.

ಡಿಫೆಂಡರ್‌ಳ ಆಟವನ್ನು ಅಂಕಿಗಳಲ್ಲಿ ಅಳೆಯುವುದು ಕಷ್ಟ. ಟ್ಯಾಕಲ್‌ಗಳ ಎಣಿಕೆ ಪೂರ್ತಿ ಚಿತ್ರ ಕೊಡದು. ಸರಿಯಾದ ಜಾಗದಲ್ಲಿ ನಿಂತವಳಿಗೆ ಟ್ಯಾಕಲ್ ಮಾಡುವ ಪ್ರಸಂಗವೇ ಬರದಿರಬಹುದು. ಹಾಗಾಗಿ ಆಡಿದ ಪಂದ್ಯಗಳ ಸಂಖ್ಯೆ, ಕ್ಲೀನ್ ಶೀಟ್‌ಗಳು, ನಾಯಕತ್ವದ ಅವಧಿಗಳನ್ನೇ ಅವಳ ದಾಖಲೆಯಾಗಿ ನೋಡುವುದು ರೂಢಿ.

ವೃತ್ತಿಜೀವನದ ಹಂತಗಳು

ಭಾರತದಲ್ಲಿ ಡಿಫೆಂಡರ್‌ಳ ದಾರಿ ಸಾಮಾನ್ಯವಾಗಿ ಶಾಲೆ, ಜಿಲ್ಲೆ ಅಥವಾ ಅಕಾಡೆಮಿ, ರಾಜ್ಯದ ವಯೋಮಿತಿ ತಂಡ, ರಾಜ್ಯ ಲೀಗ್, ರಾಷ್ಟ್ರೀಯ ಲೀಗ್ ಎಂದು ಸಾಗುತ್ತದೆ. ಹಲವರು ಬಾಲ್ಯದಲ್ಲಿ ಫಾರ್ವರ್ಡ್ ಆಗಿ ಆರಂಭಿಸಿ, ಎತ್ತರ, ಓಟ ಅಥವಾ ಆಟವನ್ನು ಮೊದಲೇ ಓದುವ ಗುಣ ನೋಡಿದ ತರಬೇತುದಾರರಿಂದ ಹಿಂದಿನ ಸಾಲಿಗೆ ಬಂದವರು. ಒಳನಾಡಿನ ಊರುಗಳಿಂದ ಬಂದವರೂ ಇದ್ದಾರೆ. 2022ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ತಂಡವನ್ನು ಮುನ್ನಡೆಸಿದ ಡಿಫೆಂಡರ್ ಅಸ್ತಮ್ ಉರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯವರು.

ಈ ಸ್ಥಾನದಲ್ಲಿ ಅನುಭವಕ್ಕೆ ಬೆಲೆ ಹೆಚ್ಚು, ಹಾಗಾಗಿ ವೃತ್ತಿಯೂ ದೀರ್ಘ. ವೆಂಡಿ ರೆನಾರ್ 16ನೇ ವಯಸ್ಸಿನಲ್ಲಿ ಲಿಯಾನ್ ಕ್ಲಬ್ ಸೇರಿ, ಅಲ್ಲೇ ಉಳಿದು, ಎಂಟು ಬಾರಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದರು. ಅಮೆರಿಕದ ಕ್ರಿಸ್ಟೀ ರ‍್ಯಾಂಪೋನ್ 2015ರ ವಿಶ್ವಕಪ್ ಫೈನಲ್‌ನಲ್ಲಿ ಮೈದಾನಕ್ಕಿಳಿದಾಗ ಅವರಿಗೆ 40 ವರ್ಷ. ನಿವೃತ್ತಿಯ ಬಳಿಕ ತರಬೇತಿಗೆ ಇಳಿಯುವವರು ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಸಿ, ಬಿ, ಎ ಹಾಗೂ ಪ್ರೊ ಪರವಾನಗಿಗಳನ್ನು ಹಂತಹಂತವಾಗಿ ಪಡೆಯಬೇಕಾಗುತ್ತದೆ.

ಆಶಾಲತಾ ದೇವಿ

ಭಾರತೀಯ ಡಿಫೆಂಡರ್‌ಳ ಪೂರ್ಣ ವೃತ್ತಿಜೀವನಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಲೊಯ್ತಾಂಗ್‌ಬಮ್ ಆಶಾಲತಾ ದೇವಿ. 1993ರ ಜುಲೈ 3ರಂದು ಮಣಿಪುರದ ಇಂಫಾಲದಲ್ಲಿ ಜನಿಸಿದ ಅವರು 2011ರಿಂದ ಭಾರತದ ಹಿರಿಯರ ತಂಡದಲ್ಲಿ ಆಡಿದರು. ದೇಶದಲ್ಲಿ ಇನ್ನೂ ರಾಷ್ಟ್ರೀಯ ಮಹಿಳಾ ಲೀಗ್ ಇಲ್ಲದಿದ್ದ 2015ರಲ್ಲಿ ಮಾಲ್ದೀವ್ಸ್‌ನ ನ್ಯೂ ರೇಡಿಯಂಟ್ ಕ್ಲಬ್ಬಿಗೆ ಆಡಲು ಹೋದರು. ಸಂಭಾವನೆಯ ಆಟಕ್ಕಾಗಿ ಕಡಲು ದಾಟಬೇಕಿದ್ದ ಕಾಲ ಅದು.

ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾದ ಮೇಲೆ ಅವರು 2018–19ರಲ್ಲಿ ತಮಿಳುನಾಡಿನ ಸೇತು ಎಫ್‌ಸಿ, 2021–22ರಲ್ಲಿ ಗೋಕುಲಂ ಕೇರಳ, 2024–25ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಗಳಲ್ಲಿದ್ದು ಪ್ರಶಸ್ತಿ ಗೆದ್ದರು. ಮೂರು ಬೇರೆ ಬೇರೆ ಕ್ಲಬ್, ಮೂರು ಬೇರೆ ಬೇರೆ ಸಾಲು. ಜೊತೆಗಾರ್ತಿಯರು ಬದಲಾದರೂ ಸಾಲನ್ನು ಕಟ್ಟಬಲ್ಲವರು ಎಂಬುದಕ್ಕೆ ಇದೇ ಸಾಕ್ಷಿ. 2018–19ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ವರ್ಷದ ಆಟಗಾರ್ತಿ ಎನಿಸಿದರು. 2019ರ ಏಷ್ಯಾದ ವರ್ಷದ ಆಟಗಾರ್ತಿ ಪ್ರಶಸ್ತಿಯ ಕೊನೆಯ ಮೂವರಲ್ಲಿ ಚೀನಾದ ಲಿ ಯಿಂಗ್, ಜಪಾನಿನ ಸಾಕಿ ಕುಮಗಾಯ್ ಜೊತೆ ಅವರ ಹೆಸರೂ ಇತ್ತು.

2022ರ ಜನವರಿಯಲ್ಲಿ ಭಾರತವೇ ಆತಿಥ್ಯ ವಹಿಸಿದ್ದ ಏಷ್ಯನ್ ಕಪ್‌ನಲ್ಲಿ ಅವರು ನಾಯಕಿ. ಇರಾನ್ ಜೊತೆ 0–0 ಡ್ರಾ ಆದ ಮೊದಲ ಪಂದ್ಯದ ನಂತರ ತಂಡದಲ್ಲಿ ಕೋವಿಡ್ ಹರಡಿ ಭಾರತ ಹಿಂದೆ ಸರಿಯಬೇಕಾಯಿತು. 2024ರ ಅಕ್ಟೋಬರ್ 17ರಂದು ಕಠ್ಮಂಡುವಿನಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ ಪಂದ್ಯ ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯವಾಗಿತ್ತು. ಭಾರತದ ಯಾವ ಮಹಿಳೆಯೂ ಅದಕ್ಕೆ ಮೊದಲು ಆ ಸಂಖ್ಯೆ ಮುಟ್ಟಿರಲಿಲ್ಲ. ಮುಟ್ಟಿದ ಮೊದಲಿಗಳು ಸ್ಟ್ರೈಕರ್ ಅಲ್ಲ, ಸೆಂಟರ್ ಬ್ಯಾಕ್ ಎಂಬುದು ಗಮನಾರ್ಹ.

ಒಪ್ಪಂದ ಮತ್ತು ವರಮಾನ

ಇಂಡಿಯನ್ ವಿಮೆನ್ಸ್ ಲೀಗ್ ಮೊದಲ ವರ್ಷಗಳಲ್ಲಿ ಎಲ್ಲ ತಂಡಗಳೂ ಒಂದೇ ಕಡೆ ಸೇರಿ ಕೆಲವು ವಾರಗಳಲ್ಲಿ ಮುಗಿಸುವ ಟೂರ್ನಿಯಾಗಿತ್ತು. 2023–24ರಲ್ಲಿ ತವರು–ಎದುರಾಳಿ ಅಂಗಳಗಳ ಪದ್ಧತಿ ಬಂತು. ಉನ್ನತ ವಿಭಾಗದ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಒಪ್ಪಂದ ಕೊಡಬೇಕೆಂದು ಫೆಡರೇಷನ್ 2023ರಲ್ಲಿ ಗೊತ್ತುಮಾಡಿತು. ತಿಂಗಳಿಗೆ ಲೆಕ್ಕ ಹಾಕಿದರೆ ಇದು 27 ಸಾವಿರಕ್ಕೂ ಕಡಿಮೆ. ಆದರೂ ಲಿಖಿತ ಕನಿಷ್ಠ ಮೊತ್ತ ಇರುವುದೇ ದೊಡ್ಡ ಬದಲಾವಣೆ. ಋತು ಚಿಕ್ಕದಾದ್ದರಿಂದ ರೈಲ್ವೆ, ಪೊಲೀಸ್, ಅರೆಸೇನಾ ಪಡೆಗಳ ಕ್ರೀಡಾ ಕೋಟಾದ ಉದ್ಯೋಗ ಇಂದಿಗೂ ಆಟಗಾರ್ತಿಯರಿಗೆ ಮುಖ್ಯ ಆಸರೆ.

ವಿಶ್ವಮಟ್ಟದಲ್ಲಿ ಚಿತ್ರ ಬೇರೆ. 2025ರ ಜನವರಿಯಲ್ಲಿ ಅಮೆರಿಕದ ನೇಯೋಮಿ ಗರ್ಮಾ ಸ್ಯಾನ್ ಡಿಯಾಗೋ ವೇವ್‌ನಿಂದ ಇಂಗ್ಲೆಂಡಿನ ಚೆಲ್ಸಿಗೆ ಹೋದಾಗ ಮಹಿಳಾ ಫುಟ್‌ಬಾಲ್‌ನ ವರ್ಗಾವಣೆ ಮೊತ್ತ ಮೊದಲ ಬಾರಿಗೆ ಹತ್ತು ಲಕ್ಷ ಡಾಲರ್ ದಾಟಿತು. ಗರ್ಮಾ ಸೆಂಟರ್ ಬ್ಯಾಕ್. 2021ರಿಂದ ಜಾರಿಗೆ ಬಂದ ಫಿಫಾ ನಿಯಮದಂತೆ ವೃತ್ತಿಪರ ಆಟಗಾರ್ತಿಗೆ ಕನಿಷ್ಠ 14 ವಾರಗಳ ಹೆರಿಗೆ ರಜೆ, ಆ ಅವಧಿಗೆ ಸಂಬಳದ ಮೂರನೇ ಎರಡು ಭಾಗ ಸಿಗಬೇಕು.

ಗಾಯಗಳು

ಡಿಫೆಂಡರ್‌ಳ ವೃತ್ತಿಗೆ ಅತಿ ದೊಡ್ಡ ಕಂಟಕ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯುವುದು. ಪುರುಷರಿಗಿಂತ ಮಹಿಳಾ ಆಟಗಾರ್ತಿಯರಲ್ಲಿ ಇದರ ಅಪಾಯ ಹಲವು ಪಟ್ಟು ಹೆಚ್ಚು. ಓಡುತ್ತಿದ್ದವಳು ಎದುರಾಳಿ ದಿಕ್ಕು ಬದಲಿಸಿದಳೆಂದು ಒಂದೇ ಕಾಲಿನ ಮೇಲೆ ಥಟ್ಟನೆ ತಿರುಗಿದಾಗ, ಪಾದ ನೆಲದಲ್ಲಿ ಕಚ್ಚಿ ಮಂಡಿ ಒಳಕ್ಕೆ ಮಡಚಿ ಇದು ಹರಿಯುತ್ತದೆ. ಹೆಚ್ಚಿನ ಸಲ ಯಾರೂ ತಾಗಿರುವುದೇ ಇಲ್ಲ. ಶಸ್ತ್ರಚಿಕಿತ್ಸೆಯಾದರೆ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ತೊಡೆಯ ಹಿಂಭಾಗ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿಗೊಳಿಸುವ, ನೆಗೆದು ಸರಿಯಾಗಿ ಕಾಲೂರುವುದನ್ನು ಕಲಿಸುವ ಅಭ್ಯಾಸವನ್ನು ಪ್ರತಿ ತರಬೇತಿಯ ಮೊದಲ ಇಪ್ಪತ್ತು ನಿಮಿಷ ಮಾಡಿಸಿದರೆ ಅಪಾಯ ತಗ್ಗುತ್ತದೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ; ಯಾವ ಹಳ್ಳಿಯ ಶಾಲೆಯಲ್ಲೂ ಮಾಡಿಸಬಹುದು. ಎದುರಾಳಿಯೊಡನೆ ನೆಗೆದಾಗ ತಲೆಗೆ ತಲೆ ತಾಗುವುದು, ಕಣಕಾಲು ಉಳುಕುವುದು ಇತರ ಸಾಮಾನ್ಯ ಗಾಯಗಳು. ಮೊಣಕಾಲಿನ ಕೆಳಗಿನ ಶಿನ್ ಗಾರ್ಡ್ ಕಡ್ಡಾಯ.

ಕರ್ನಾಟಕದಲ್ಲಿ

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ರಾಜ್ಯದ ಆಟದ ಕೇಂದ್ರ. 2020ರ ಜನವರಿ–ಫೆಬ್ರವರಿಯಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ನಡೆದದ್ದು ಇಲ್ಲೇ. ಫೈನಲ್‌ನಲ್ಲಿ ಗೋಕುಲಂ ಕೇರಳ ಮಣಿಪುರದ ಕ್ರಿಪ್ಸಾ ತಂಡವನ್ನು 3–2ರಿಂದ ಸೋಲಿಸಿತು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮಹಿಳಾ ಲೀಗ್ 2019–20ರಿಂದ ನಡೆಯುತ್ತಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ರಾಜ್ಯದ ಪ್ರಮುಖ ಮಹಿಳಾ ಕ್ಲಬ್. 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ಲೀಗ್‌ನ ಫೈನಲ್ ತಲುಪಿ, ಗೋಕುಲಂ ಎದುರು 0–5ರಿಂದ ಸೋತು ಎರಡನೇ ಸ್ಥಾನ ಪಡೆಯಿತು. ನಗರದ ಹೊರವಲಯದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ರಾಷ್ಟ್ರೀಯ ಮಹಿಳಾ ತಂಡ 2025ರಲ್ಲಿ ಉಜ್ಬೇಕಿಸ್ತಾನದ ವಿರುದ್ಧ ಸೌಹಾರ್ದ ಪಂದ್ಯಗಳನ್ನಾಡಿತು.

ಅರಸೀಕೆರೆ, ಬೇಲೂರು, ಹಳೇಬೀಡು

ಅರಸೀಕೆರೆ ಮತ್ತು ಬೇಲೂರು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಹಳೇಬೀಡು ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿ ಶಾಲಾ ಬಾಲಕಿಯರ ಆಟವೆಂದರೆ ಮುಖ್ಯವಾಗಿ ಕಬಡ್ಡಿ, ಖೊ ಖೊ, ವಾಲಿಬಾಲ್, ಥ್ರೋಬಾಲ್. ಡಿಫೆಂಡರ್‌ಳನ್ನು ರೂಪಿಸುವ ದೃಷ್ಟಿಯಿಂದ ಇದು ಕೊರತೆಯಲ್ಲ. ರೈಡರ್‌ಳನ್ನು ಒಂದು ಮೂಲೆಗೆ ಒತ್ತುತ್ತ ಅಡ್ಡಹೆಜ್ಜೆಯಲ್ಲಿ ಸರಿಯುವ ಕಬಡ್ಡಿಯ ಸರಪಳಿಗೂ ಫುಟ್‌ಬಾಲಿನ ರಕ್ಷಣಾ ಸಾಲಿಗೂ ಹತ್ತಿರದ ನಂಟಿದೆ. ಕುಳಿತಲ್ಲಿಂದ ಚಿಮ್ಮಿ ತಿರುಗುವ ಖೊ ಖೊ ಓಟವೂ ಹಾಗೆಯೇ.

ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ಹಾಸನ ಮೈಸೂರು ವಿಭಾಗಕ್ಕೆ ಸೇರಿದೆ. ಹಳೇಬೀಡಿನ ಹುಡುಗಿಯೊಬ್ಬಳು ರಾಜ್ಯಮಟ್ಟ ತಲುಪುವಷ್ಟರಲ್ಲಿ ನಾಲ್ಕು ಹಂತ ದಾಟಿರುತ್ತಾಳೆ. ಆದರೆ ಒಂದೊಂದು ಹಂತವೂ ಒಂದೆರಡು ದಿನಗಳ ಕೂಟ, ಸೋತರೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ರಕ್ಷಣಾ ಸಾಲು ಪಳಗುವುದು ಒಂದೇ ನಾಲ್ವರು ವಾರವಾರ ಒಟ್ಟಿಗೆ ಆಡಿದಾಗ. ನಾಕೌಟ್ ಕೂಟದಿಂದ ಸ್ಟ್ರೈಕರ್ ಕಣ್ಣಿಗೆ ಬೀಳಬಹುದು, ಡಿಫೆಂಡರ್ ಬೀಳುವುದು ಅಪರೂಪ.

ನೆಲವೂ ಮೂರು ಊರುಗಳಲ್ಲಿ ಒಂದೇ ಅಲ್ಲ. ಅರಸೀಕೆರೆ ಬಯಲುಸೀಮೆ, ವರ್ಷದ ಹೆಚ್ಚು ಕಾಲ ಮೈದಾನ ಒಣಗಿ ಗಟ್ಟಿಯಾಗಿರುತ್ತದೆ, ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಜಾರಿ ಟ್ಯಾಕಲ್ ಮಾಡಿದರೆ ತೊಡೆ ತರಚುತ್ತದೆ. ಇಲ್ಲಿಗೆ ಗಿಡ್ಡ ರಬ್ಬರ್ ಸ್ಟಡ್‌ಗಳ ಬೂಟು ತಕ್ಕುದು. ಬೇಲೂರು ಮಲೆನಾಡಿನ ಸೆರಗು. ಮುಂಗಾರಿನಲ್ಲಿ ನೆಲ ನೆನೆದು ಚೆಂಡು ನಿಂತುಬಿಡುತ್ತದೆ, ಉದ್ದ ಸ್ಟಡ್ ಇಲ್ಲದಿದ್ದರೆ ತಿರುಗುವಾಗ ಕಾಲು ಜಾರುತ್ತದೆ. ಬೆಂಗಳೂರಿನ ಕೃತಕ ಹುಲ್ಲಿನ ಮೇಲೆ ಚೆಂಡಿನ ವೇಗ ಇವೆರಡಕ್ಕಿಂತ ಬೇರೆ.

ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಮಾರ್ಗ ಕೂಡುವ ಜಂಕ್ಷನ್ ಅರಸೀಕೆರೆ. ಅಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ವಾರಾಂತ್ಯದ ಪಂದ್ಯಕ್ಕೆ ಹೋಗಿಬರುವುದು ಅಸಾಧ್ಯವಲ್ಲ. ಬೇಲೂರು, ಹಳೇಬೀಡುಗಳಿಗೆ ರೈಲಿಲ್ಲ. ಬಸ್ಸಿನಲ್ಲಿ ಹಾಸನಕ್ಕೆ ಅಥವಾ ಅರಸೀಕೆರೆಗೆ ಬಂದೇ ಮುಂದಿನ ಪಯಣ.

ಇಂದಿನ ಸ್ಥಿತಿ

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿದ ಭಾರತ 2026ರ ಏಷ್ಯನ್ ಕಪ್‌ಗೆ ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿ ಪ್ರವೇಶ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಆಗ ನಾಯಕಿ ಡಿಫೆಂಡರ್ ಸ್ವೀಟಿ ದೇವಿ. ಆ ಗೆಲುವಿನ ನಂತರ ಮಹಿಳಾ ಫುಟ್‌ಬಾಲ್‌ನ ಸುದ್ದಿ ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳಲ್ಲೂ ಕಾಣಿಸಿಕೊಂಡಿತು. ಕರ್ನಾಟಕದಲ್ಲಿ ಮೇಲಿನ ಮೆಟ್ಟಿಲುಗಳು ಸಿದ್ಧವಾಗಿವೆ: ರಾಜ್ಯ ಲೀಗ್ ಇದೆ, ರಾಷ್ಟ್ರೀಯ ಲೀಗ್ ಆಡುವ ಕ್ಲಬ್ ಇದೆ, ಒಳ್ಳೆಯ ಮೈದಾನಗಳಿವೆ. ಆದರೆ ಕೆಳಗೆ, ಜಿಲ್ಲಾ ಕೇಂದ್ರಗಳಲ್ಲಿ, ಹುಡುಗಿಯರಿಗೆ ವಾರಕ್ಕೊಂದು ಪಂದ್ಯ ಸಿಗುವಂಥ ಲೀಗ್ ಬೇಕು. ಹಳೇಬೀಡಿನಿಂದ ಅಶೋಕನಗರದ ಕ್ರೀಡಾಂಗಣಕ್ಕೆ ಸುಮಾರು 210 ಕಿಲೋಮೀಟರ್. ಹಾಸನಕ್ಕೆ ಮೂವತ್ತು ಚಿಲ್ಲರೆ.